ಗಾಜಿನ ಪೆಟ್ಟಿಗೆಯ ಮಗು

ಗರಿಫಲಿಯಾ ಮ್ಯೂಸಿಯಂ ಬಾಗಿಲಿಗೆ ಬಂದಳೆಂದರೆ ಸ್ಟ್ರಾಟೋಸ್ ಮೊದಲು ನೋಡುತ್ತಿದ್ದುದು ಅವಳ ಮುಖವನ್ನಲ್ಲ, ಕೈಯನ್ನು. ಕೈಯಲ್ಲಿ ಬಿಳಿ ಬಟ್ಟೆ ಮುಚ್ಚಿದ ಬಟ್ಟಲಿದ್ದರೆ ಆವತ್ತು ಅವನ ಬೆಳಗು ಕೆಟ್ಟಿತೆಂದೇ ಅರ್ಥ.

"ಅತ್ತೆ, ಒಳಗೆ ತಿಂಡಿ ತಗೊಂಡು ಹೋಗೋ ಹಾಗಿಲ್ಲ."

"ತಿಂಡಿ ಯಾರಪ್ಪ ತಂದಿದಾರೆ? ಇದು ಗೋಧಿ."

"ಗೋಧಿ ತಿಂಡಿ ಅಲ್ವಾ?"

"ಬದುಕಿರೋರಿಗೆ ತಿಂಡಿ. ನಿಮ್ಮ ಬೋರ್ಡು ಬದುಕಿರೋರಿಗೆ ಬರೆದಿರೋದು. ಸತ್ತೋರು ತಿನ್ನಬಾರ್ದು ಅಂತ ಎಲ್ಲಿ ಬರೆದಿದೆ ತೋರ್ಸು, ವಾಪಸ್ ಹೋಗ್ತೀನಿ."

ಸ್ಟ್ರಾಟೋಸ್ ಕಾವಲುಗಾರನ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಿದ್ದ. ಅವನು ಹೊರಗಿನವನೇನಲ್ಲ, ಅವಳ ನಾದಿನಿ ಕನೆಲ್ಲಾಳ ಮಗ. ಅವನ ಮೂಗು ಒರೆಸಿ ಬೆಳೆಸಿದ ಕೈಯೇ ಈಗ ಬಟ್ಟಲು ಹಿಡಿದು ನಿಂತಿದೆ. "ಬಸ್ಸಿನ ಜನ ಬರೋದ್ರೊಳಗೆ ಮುಗಿಸ್ಕೋ ಅತ್ತೆ. ನೆಲದ ಮೇಲೆ ಒಂದು ಕಾಳೂ ಬೀಳಬಾರ್ದು. ಹೋದ್ಸಲ ಇರುವೆ ಬಂದು ನಂಗೆ ಮೇಲಿನೋರ ಹತ್ರ ಬೈಗುಳ ಬಿತ್ತು."

"ಇರುವೆಗೂ ಟಿಕೆಟ್ ಕೊಡ್ಬೇಕಿತ್ತು ನೀನು," ಎಂದು ಅವಳು ಒಳಗೆ ನುಗ್ಗುತ್ತಿದ್ದಳು.

ಇದು ಪ್ರತಿವರ್ಷದ ಜಗಳ. ಈಸ್ಟರಿನ ದೊಡ್ಡ ಉಪವಾಸಕ್ಕೆ ಮುಂಚೆ ಬರುವ ಶನಿವಾರ ಸತ್ತವರ ಶನಿವಾರ. ಆವತ್ತು ಮಾವ್ರೊಲಿತಿ ಊರಿನ ಪ್ರತಿ ಮನೆಯಲ್ಲೂ ಗೋಧಿ ಬೇಯುತ್ತದೆ. ಅದಕ್ಕೆ ದಾಳಿಂಬೆ, ಒಣದ್ರಾಕ್ಷಿ, ಬಾದಾಮಿ ಬೆರೆಸಿ, ಮೇಲೆ ಸಕ್ಕರೆಪುಡಿ ಹರಡಿ ಚರ್ಚಿಗೆ ಒಯ್ಯುತ್ತಾರೆ. ಪಾದ್ರಿ ಸತ್ತವರ ಹೆಸರು ಓದಿದ ಮೇಲೆ ಎಲ್ಲರೂ ತಮ್ಮ ತಮ್ಮವರ ಗೋರಿಗೆ ಹೋಗುತ್ತಾರೆ. ಗರಿಫಲಿಯಾ ಮಾತ್ರ ಗೋರಿಗಳ ಕಡೆ ತಿರುಗಿಯೂ ನೋಡದೆ ಗುಡ್ಡ ಹತ್ತಿ ಹಳೇ ಪಟ್ಟಣಕ್ಕೆ, ಅಂದರೆ ಮುರಿದ ಕಂಬಗಳ ಆ ಬಯಲಿಗೆ ಹೋಗುತ್ತಿದ್ದಳು.

ಮ್ಯೂಸಿಯಮ್ಮಿನ ಕೊನೆಯ ಕೋಣೆಯಲ್ಲಿ ಗೋಡೆಗೆ ಒರಗಿಸಿದ ಅಮೃತಶಿಲೆಯ ಚಪ್ಪಡಿಯಿತ್ತು. ಅದರಲ್ಲಿ ಒಬ್ಬಳು ಪುಟ್ಟ ಹುಡುಗಿ ಪಾರಿವಾಳವೊಂದನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಚಪ್ಪಡಿಯ ಮೇಲ್ತುದಿ ಮುರಿದಿತ್ತು. ಅದರ ಪಕ್ಕದಲ್ಲೇ ಗಾಜಿನ ಪೆಟ್ಟಿಗೆ. ಒಳಗೆ ಮರಳು ಹಾಸಿ ಒಂದು ಮಗುವಿನ ಎಲುಬುಗಳನ್ನು ಮಲಗಿಸಿದ್ದರು, ಎದೆಯ ಹತ್ತಿರ ಕಡಲೆಕಾಳಿನಷ್ಟು ದೊಡ್ಡ ನೀಲಿ ಗಾಜಿನ ಮಣಿ. ಬೋರ್ಡಿನಲ್ಲಿ ಎರಡು ಸಾವಿರ ಚಿಲ್ಲರೆ ವರ್ಷ ಹಿಂದಿನದು ಎಂದು ಬರೆದಿತ್ತು.

ಗರಿಫಲಿಯಾ ಬೋರ್ಡಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದಳು. ಬಟ್ಟಲನ್ನು ಗಾಜಿಗೆ ತಾಗಿಸಿ ಇಟ್ಟು, "ಅರ್ಗಿರೋ, ತಿನ್ನು ಮಗಳೇ. ಈ ಸಲ ದಾಳಿಂಬೆ ಸಿಹಿ ಇದೆ," ಎನ್ನುತ್ತಿದ್ದಳು. ಆಮೇಲೆ ಊರಿನ ಸುದ್ದಿ. ಯಾರ ಮೇಕೆ ಅವಳಿ ಹಾಕಿತು, ಯಾರ ಮದುವೆ ಮುರಿಯಿತು, ಕನೆಲ್ಲಾ ಎಷ್ಟು ದಪ್ಪ ಆಗಿದಾಳೆ, ಎಲ್ಲ. ಬಾಗಿಲಲ್ಲಿ ನಿಂತ ಸ್ಟ್ರಾಟೋಸ್ ತನ್ನ ತಾಯಿಯ ದಪ್ಪದ ಸುದ್ದಿ ಕೇಳಿಯೂ ಕೇಳದವನಂತೆ ಚಾವಣಿ ನೋಡುತ್ತಿದ್ದ.

ಅರ್ಗಿರೋ ಅವಳ ಮಗಳು. ಒಬ್ಬಳೇ ಮಗಳು.

ಆಗ ಮಾವ್ರೊಲಿತಿ ಈಗಿನ ಹಾಗೆ ಡಾಂಬರು ರಸ್ತೆಯ ಪಕ್ಕದಲ್ಲಿರಲಿಲ್ಲ. ಗುಡ್ಡದ ಮೇಲೆ, ಹಳೇ ಪಟ್ಟಣದ ನೆತ್ತಿಯ ಮೇಲೇ ಇತ್ತು. ದಕ್ಷಿಣ ಗ್ರೀಸಿನ ಆ ಕಡೆ ಯಾರೂ ಹೊಸ ಕಲ್ಲು ಕಡಿದು ಮನೆ ಕಟ್ಟಿದ್ದೇ ಇಲ್ಲ. ನಾಟಕ ನೋಡಲು ಹಿಂದಿನವರು ಕಟ್ಟಿದ ಕಲ್ಲಿನ ಮೆಟ್ಟಿಲುಗಳ ಮೇಲೆ ಹೆಂಗಸರು ಅಂಜೂರ ಒಣಗಿಸುತ್ತಿದ್ದರು. ಕೆಳಗಿನ ದುಂಡು ಅಂಗಳ ಊರಿನ ಕಣ, ಅಲ್ಲಿ ಗೋಧಿ ತುಳಿಸುತ್ತಿದ್ದರು. ಯಾವನೋ ಶ್ರೀಮಂತನ ಕಲ್ಲಿನ ಶವಪೆಟ್ಟಿಗೆಯಲ್ಲಿ ಕುರಿಗಳು ನೀರು ಕುಡಿಯುತ್ತಿದ್ದವು. ಗರಿಫಲಿಯಾಳ ಮನೆಯ ಹೊಸ್ತಿಲೇ ಅಕ್ಷರ ಕೊರೆದ ಒಂದು ಹಳೇ ಕಲ್ಲು. ಅರ್ಗಿರೋ ಅದರ ಮೇಲೆ ಕೂತು ಅಕ್ಷರದ ಗುಳಿಗಳಲ್ಲಿ ಬೆರಳಾಡಿಸುತ್ತಾ ಬ್ರೆಡ್ಡು ತಿನ್ನುತ್ತಿದ್ದಳು.

ಆದರೆ ಚಿತ್ತಾರದ ಕಲ್ಲು ಸಿಕ್ಕಿದರೆ ಮಾತ್ರ ಊರು ಬಾಯಿ ಹೊಲಿದುಕೊಳ್ಳುತ್ತಿತ್ತು. ಗೊತ್ತಾದರೆ ಸರ್ಕಾರ ಕಲ್ಲನ್ನೂ ಒಯ್ಯುತ್ತದೆ, ಹೊಲಕ್ಕೂ ಬೇಲಿ ಹಾಕುತ್ತದೆ. ಹಾಗಾಗಿ ಗರಿಫಲಿಯಾಳ ಗಂಡ ಪಾಂಡೆಲಿಸ್‌ನ ನೇಗಿಲಿಗೆ ಆ ಪಾರಿವಾಳದ ಹುಡುಗಿ ತಗುಲಿದಾಗ ಅವನು ಅವಳನ್ನು ಎತ್ತಿ ತಂದು ಹುಲ್ಲಿನ ಬಣವೆಯಲ್ಲಿ ಹುದುಗಿಸಿಟ್ಟ.

ಆ ಚಳಿಗಾಲದಲ್ಲೇ ಅರ್ಗಿರೋಗೆ ಗಂಟಲಮಾರಿ ತಗುಲಿತು. ಏಳು ವರ್ಷದ ಮಗು. ಹಿಮದಲ್ಲಿ ದಾರಿ ಮುಚ್ಚಿ ಡಾಕ್ಟರು ಬರುವುದರೊಳಗೆ ಎಲ್ಲ ಮುಗಿದಿತ್ತು. ಮದುವೆಯಾಗದೆ ಹೋದ ಹೆಣ್ಣುಮಕ್ಕಳನ್ನು ಮದುಮಗಳ ಹಾಗೆ ಕಳಿಸುವುದು ಅಲ್ಲಿಯ ರೂಢಿ. ತಲೆಗೆ ಮೇಣದ ಹೂವಿನ ಕಿರೀಟ ಇಟ್ಟರು. ಗರಿಫಲಿಯಾ ಮಗಳು ತೊಟ್ಟಿಲಲ್ಲಿದ್ದಾಗ ದೃಷ್ಟಿಯಾಗದಿರಲೆಂದು ಕಟ್ಟಿದ್ದ ನೀಲಿ ಮಣಿಯನ್ನು ತೆಗೆದು ಬಿಳಿ ಅಂಗಿಯ ಎದೆಗೆ ಸಿಕ್ಕಿಸಿದಳು. ಗೋರಿಗೊಂದು ಕಲ್ಲು ಬೇಕಲ್ಲ. ಪಾಂಡೆಲಿಸ್ ಬಣವೆಯಿಂದ ಆ ಚಪ್ಪಡಿ ತೆಗೆದು ಬೆನ್ನ ಮೇಲೆ ಹೊತ್ತು ತಂದು ನೆಟ್ಟ.

"ನೋಡು, ಕೆನ್ನೆ ನಮ್ಮವಳ ಹಾಗೇ ಇದೆ," ಎಂದ.

ಊರೆಲ್ಲ ನೋಡಿತು. ಯಾರೂ ತುಟಿ ಬಿಚ್ಚಲಿಲ್ಲ.

ಮೂರು ವರ್ಷ ಕಳೆದ ಮೇಲೆ ಗೋರಿ ತೆಗೆದು ಎಲುಬು ಆಯ್ದು, ಕೆಂಪು ವೈನಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ, ಹೆಸರು ಬರೆದ ಪೆಟ್ಟಿಗೆಯಲ್ಲಿ ಎಲುಬಿನ ಕೋಣೆಗೆ ಸೇರಿಸಬೇಕು. ಅದಾಗುವವರೆಗೆ ಸತ್ತವರ ಎದೆಯ ಮೇಲೆ ಮಣ್ಣಿನ ಭಾರ ಇಳಿಯುವುದಿಲ್ಲ ಎನ್ನುತ್ತಾರೆ. ಗರಿಫಲಿಯಾಗೆ ಅದು ಕೈಲಾಗಲಿಲ್ಲ. ಅತ್ತೆ ಸ್ತಮಾತಾ ಸತ್ತು, ಅವಳ ಎಲುಬು ಹೊತ್ತಿಗೆ ಸರಿಯಾಗಿ ಹೊರಬಂದು ಪೆಟ್ಟಿಗೆ ಸೇರಿದ ಮೇಲೂ ಮಗಳ ಗೋರಿ ಹಾಗೇ ಇತ್ತು.

"ಅತ್ತಿಗೆ, ಈ ಸಲ ತೆಗೆಯೋಣ್ವಾ?" ಎಂದು ಕನೆಲ್ಲಾ ಕೇಳುತ್ತಿದ್ದಳು.

"ಚಳಿ ಇದೆ ಕಣೆ. ಮುಂದಿನ ವರ್ಷ."

"ಹೋದ ವರ್ಷ ಸೆಕೆ ಅಂದಿದ್ದೆ."

"ಸೆಕೆನೂ ಇತ್ತು."

ಹಾಗೆ ಮುಂದೂಡಿ ಮುಂದೂಡಿ ಸೈನ್ಯದವರ ಆಳ್ವಿಕೆ ಬಂತು, ಅದರ ಹಿಂದೆಯೇ ಪಟ್ಟಣ ಅಗೆಯುವ ಪ್ರೊಫೆಸರು ಬಂದರು. ಊರಿನ ಗಂಡಸರೆಲ್ಲ ಅಗೆಯುವ ಕೂಲಿಗೆ ಸೇರಿದರು, ಪಾಂಡೆಲಿಸ್ ಕೂಡ. ಸ್ಮಶಾನದ ಕೆಳಗೆ ಏನೋ ದೊಡ್ಡದಿದೆ, ಎಲ್ಲರೂ ತಮ್ಮ ತಮ್ಮ ಗೋರಿ ಖಾಲಿ ಮಾಡಿಕೊಳ್ಳಿ ಎಂದು ಡಂಗುರ ಹೊಡೆಸಿದರು. ಅದೇ ತಿಂಗಳು ಪಕ್ಕದೂರಿನವನೊಬ್ಬನ ಬಾವಿಯಲ್ಲಿ ಅಮೃತಶಿಲೆಯ ತಲೆ ಸಿಕ್ಕಿ, ಪೋಲೀಸರು ಅವನನ್ನು ಎಳೆದೊಯ್ದಿದ್ದರು. ವಾಪಸ್ಸು ಬಂದಾಗ ಅವನ ಒಂದು ಕಿವಿ ಕೇಳಿಸುತ್ತಿರಲಿಲ್ಲ.

"ಮೊದ್ಲು ಕಲ್ಲು ಬಣವೆಗೆ ಸಾಗಿಸ್ತೀನಿ. ಆಮೇಲೆ ಮಗೂನ ತೆಗೆಯೋಣ," ಎಂದು ಪಾಂಡೆಲಿಸ್ ಹೇಳಿದ. ಗರಿಫಲಿಯಾ ಕೊನೆಗೂ ಹೂಂ ಅಂದಳು. ಅಷ್ಟರಲ್ಲಿ ಬೆಟ್ಟದಾಚೆಯ ತವರಿನಿಂದ ತಾಯಿ ಬಿದ್ದಳೆಂಬ ಸುದ್ದಿ ಬಂದು ಅವಳು ಹೊರಡಬೇಕಾಯಿತು. ತಾಯಿಯನ್ನು ಮಣ್ಣು ಮಾಡಿ, ಮಗಳನ್ನು ತೊಳೆಯಲೆಂದು ತವರಿನ ವೈನನ್ನು ಒಂದು ಸೋರೆಬುರುಡೆಯಲ್ಲಿ ತುಂಬಿಸಿಕೊಂಡು ಬಂದಳು. ಮನೆಗೂ ಹೋಗದೆ ನೇರ ಸ್ಮಶಾನಕ್ಕೆ ಬಂದರೆ, ಅಲ್ಲಿ ಕಲ್ಲಿಲ್ಲ. ಗೋರಿಯೂ ಇಲ್ಲ. ಹಗ್ಗ ಕಟ್ಟಿದ ಒಂದು ಚೌಕಾಕಾರದ ಗುಂಡಿಯಿತ್ತು ಅಷ್ಟೇ.

ನಡೆದದ್ದನ್ನು ಹೇಳಿದವಳು ಕನೆಲ್ಲಾ. ಪ್ರೊಫೆಸರು ಅಂದುಕೊಂಡದ್ದಕ್ಕಿಂತ ಬೇಗ ಆ ಮೂಲೆಗೆ ಬಂದುಬಿಟ್ಟರು. ಕಲ್ಲು ಕಂಡು ಮಂಡಿಯೂರಿ ಕೂತೇಬಿಟ್ಟರು. ಪಕ್ಕದಲ್ಲಿ ಪೋಲೀಸ್ ಅಧಿಕಾರಿ. "ಇದು ಯಾರದು? ಇಲ್ಲಿ ಯಾರು ನಿಲ್ಲಿಸಿದ್ದು?" ಎಂದು ಕೇಳಿದರು. ಗಂಡಸರೆಲ್ಲ ನೆಲ ನೋಡಿದರು.

ಗರಿಫಲಿಯಾ ಮನೆಗೆ ಬಂದಾಗ ಪಾಂಡೆಲಿಸ್ ಒಲೆಯ ಮುಂದೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದ.

"ಅವರು ಕೇಳ್ದಾಗ ಏನಂದೆ?"

"ಗರಿಫಲಿಯಾ, ಮೊದ್ಲು ಬಾಗ್ಲು ಹಾಕು."

"ಏನಂದೆ ಅಂತ ಕೇಳ್ದೆ."

"ನಮ್ದಲ್ಲ ಅಂದೆ. ಹಳೇದು, ಮೊದ್ಲಿಂದ ಇಲ್ಲೇ ಇತ್ತು ಅಂದೆ. ಬಾಗ್ಲು ಹಾಕು, ಹೇಳ್ತೀನಿ."

ಅವಳು ಬಾಗಿಲು ಹಾಕಲಿಲ್ಲ. ಹೊಸ್ತಿಲ ಮೇಲೆ ನಿಂತು, ಕಾಫಿ ಅಂಗಡಿಯವರೆಗೂ ಕೇಳುವಂತೆ ಕೂಗಿದಳು. ನನ್ನ ಮಗಳನ್ನು ನಮ್ಮವಳಲ್ಲ ಅಂದಿದ್ದಾನೆ, ಪೋಲೀಸರ ಹತ್ರ ನಾನೇ ಹೋಗ್ತೀನಿ, ಇವನ ಜೊತೆ ನನ್ನನ್ನೂ ಒಳಗೆ ಹಾಕಲಿ ಎಂದು ಕೂಗಿದಳು. ಒಂದು ದಿನವೂ ಅವಳ ಮೇಲೆ ಕೈ ಮಾಡದಿದ್ದ ಪಾಂಡೆಲಿಸ್ ಓಡಿ ಬಂದು ಅವಳ ಬಾಯಿ ಮುಚ್ಚಿದ. ಅವಳು ಆ ಕೈಯನ್ನು ರಕ್ತ ಬರುವಂತೆ ಕಚ್ಚಿದಳು.

ಅಲ್ಲಿಗೆ ಅವರಿಬ್ಬರ ಮಾತು ನಿಂತಿತು. ತವರಿನ ವೈನು ಅಟ್ಟದ ಮೇಲೆ ಕೂತು ಹುಳಿಯಾಯಿತು.

ಆ ವರ್ಷವೇ ಊರನ್ನೂ ಎಬ್ಬಿಸಿದರು. ಕೆಳಗೆ ರಸ್ತೆ ಬದಿಯಲ್ಲಿ ಒಂದೇ ಅಚ್ಚಿನ ಸಾಲುಮನೆಗಳು, ಹೊಸ ಚರ್ಚು, ಹೊಸ ಎಲುಬಿನ ಕೋಣೆ. ಎಲ್ಲರೂ ತಮ್ಮ ಹಿರಿಯರ ಪೆಟ್ಟಿಗೆಗಳನ್ನು ಟ್ರಾಕ್ಟರಿಗೆ ಹೇರಿದರು. ಪಾಂಡೆಲಿಸ್ ಮಾತ್ರ ತನ್ನ ತಾಯಿಯ ಪೆಟ್ಟಿಗೆಯನ್ನು ಟ್ರಾಕ್ಟರಿಗೆ ಕೊಡಲಿಲ್ಲ. ಎರಡೂ ಕೈಯಲ್ಲಿ ಮಗುವಿನ ಹಾಗೆ ಎತ್ತಿಕೊಂಡು ಗುಡ್ಡ ಇಳಿದ. ನೋಡಿದವರು ನಕ್ಕರು. "ನೋಡೇ, ಅಮ್ಮನ ಮುದ್ದಿನ ಕೂಸು," ಎಂದು ಗರಿಫಲಿಯಾ ಕನೆಲ್ಲಾಗೆ ಹೇಳಿದಳು. ಅವಳ ಮಾತಿನಲ್ಲಿ ವಿಷವಿತ್ತು. ಮಗಳನ್ನು ಬಿಟ್ಟುಕೊಟ್ಟವನು ತಾಯಿಯನ್ನು ಹೀಗೆ ಎತ್ತಿಕೊಂಡಿದ್ದಾನಲ್ಲ ಎಂದು ಅವಳ ಹೊಟ್ಟೆ ಉರಿಯುತ್ತಿತ್ತು.

ಆ ಸಾಗಾಟದ ಗಲಾಟೆಯಲ್ಲೇ ಇರಬೇಕು, ಅವಳ ಮದುವೆಯ ಹಳದಿ ತಲೆವಸ್ತ್ರ ಕಾಣೆಯಾಯಿತು. ಅಂಚಿಗೆ ಅವಳೇ ಕಸೂತಿ ಹಾಕಿದ್ದ ರೇಷ್ಮೆಯದು. ಮನೆಸಾಮಾನಿನ ಪೆಟ್ಟಿಗೆ ಕಟ್ಟಿಕೊಟ್ಟವಳು ಕನೆಲ್ಲಾ, ಹಾಗಾಗಿ ಕದ್ದವಳೂ ಕನೆಲ್ಲಾ ಎಂದು ಗರಿಫಲಿಯಾ ತೀರ್ಮಾನಿಸಿದಳು. ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರಲಾರರು, ಆದರೆ ವರ್ಷಕ್ಕೊಮ್ಮೆಯಾದರೂ ಆ ವಸ್ತ್ರದ ಮಾತು ಬರಲೇಬೇಕು.

"ತಲೆ ಮೇಲೆ ಏನೇ ಹಾಕಿರೋದು? ಹೊಸದಾ, ನಂದಾ?"

"ನಿಂದೇ ಅತ್ತಿಗೆ. ಕಪ್ಪು ಬಣ್ಣ ಹಾಕಿಸ್ಕೊಂಡಿದೀನಿ."

ಮ್ಯೂಸಿಯಂ ಆಗಿದ್ದು ಎಷ್ಟೋ ವರ್ಷಗಳಾದ ಮೇಲೆ. ಸೈನ್ಯದವರು ಹೋಗಿ ಬೇರೆ ಸರ್ಕಾರ ಬಂದಿತ್ತು. ಉದ್ಘಾಟನೆಗೆ ಊರನ್ನೆಲ್ಲ ಕರೆದರು, ಭಾಷಣವಾಯಿತು, ಬ್ಯಾಂಡು ಬಾರಿಸಿದರು. ಗರಿಫಲಿಯಾ ಜನರ ನಡುವೆ ತಳ್ಳಿಸಿಕೊಳ್ಳುತ್ತಾ ಕೊನೆಯ ಕೋಣೆಗೆ ಬಂದಳು. ಪಾರಿವಾಳದ ಹುಡುಗಿ ಕಂಡಳು. ಪಕ್ಕದ ಗಾಜಿನ ಪೆಟ್ಟಿಗೆ ಕಂಡಿತು. ಆ ಕಲ್ಲಿನ ಅಡಿಯಲ್ಲೇ ಸಿಕ್ಕಿದ ಮಗು ಎಂದು ಊರಿನ ಶಾಲೆಯ ಮಾಸ್ತರರು ಬೋರ್ಡು ನೋಡಿ ಯಾರಿಗೋ ಓದಿ ಹೇಳುತ್ತಿದ್ದರು. ಮರಳಿನ ಮೇಲೆ, ಎದೆಯ ಹತ್ತಿರ, ನೀಲಿ ಮಣಿ.

ಅವಳು ಎರಡೂ ಅಂಗೈಯನ್ನು ಗಾಜಿಗೆ ಒತ್ತಿದಳು. ಪಾಂಡೆಲಿಸ್ ಜನರನ್ನು ಸರಿಸಿ ಬಂದು ಅವಳ ಕಿವಿಯ ಹತ್ತಿರ ಬಾಗಿದ.

"ಅದು ಅವಳಲ್ಲ."

ಗರಿಫಲಿಯಾ ಅವನನ್ನೇ ನೋಡಿದಳು.

"ಗರಿಫಲಿಯಾ, ನನ್ನ ಮಾತು ಕೇಳು. ಅದು ಅವಳಲ್ಲ. ಇಲ್ಲಿ ಬೇಡ, ಅಮ್ಮನ ಹತ್ರ ಬಾ. ಅಲ್ಲಿ ಹೇಳ್ತೀನಿ."

ಪಕ್ಕದಲ್ಲೇ ಅಧಿಕಾರಿಗಳು, ಎದೆಗೆ ರಿಬ್ಬನ್ನು ಸಿಕ್ಕಿಸಿಕೊಂಡವರು ನಿಂತಿದ್ದರು. ಅವಳಿಗೆ ಅವರ್ಯಾರೂ ಕಾಣಲಿಲ್ಲ. ಎರಡನೇ ಸಲ, ಮಗಳ ಎದುರಿಗೇ ಇವನು ಇಲ್ಲ ಅಂದ ಎನ್ನುವುದೊಂದೇ ಅವಳಿಗೆ ಕೇಳಿಸಿದ್ದು.

"ನಿನ್ನ ಅಮ್ಮನ ಹತ್ರ ನೀನೇ ಹೋಗು," ಎಂದಳು. "ನಾನು ಸತ್ರೂ ನಿನ್ನ ಜೊತೆ ಅಲ್ಲಿಗೆ ಕಾಲಿಡಲ್ಲ."

ಅವನು ಟೋಪಿ ಹಾಕಿಕೊಂಡು ಹೊರಟುಹೋದ.

ಆಮೇಲಿನ ಅವರ ಸಂಸಾರವನ್ನು ನಡೆಸಿದ್ದು ಬೆಕ್ಕು ಎಂದು ಮಾವ್ರೊಲಿತಿಯಲ್ಲಿ ಈಗಲೂ ಹೇಳುತ್ತಾರೆ. ಗರಿಫಲಿಯಾ ಒಲೆಯ ಹತ್ತಿರ ನಿಂತು, "ಅವನಿಗೆ ಹೇಳು, ಸೂಪು ಆರ್ತಾ ಇದೆ," ಎನ್ನುವಳು. ಪಾಂಡೆಲಿಸ್ ಅದೇ ಬೆಕ್ಕಿಗೆ, "ಉಪ್ಪು ಸರಿಯಾಗಿದೆ ಅಂತ ಹೇಳು," ಎನ್ನುವನು. ಒಂದು ಬೆಕ್ಕು ಸತ್ತರೆ ಇನ್ನೊಂದು ಬರುತ್ತಿತ್ತು, ಮಾತು ಹಾಗೇ ಸಾಗುತ್ತಿತ್ತು. ಸತ್ತವರ ಶನಿವಾರ ಇಬ್ಬರೂ ಒಂದೊಂದು ಬಟ್ಟಲು ಹಿಡಿದು ಚರ್ಚಿನಿಂದ ಹೊರಬರುತ್ತಿದ್ದರು. ಕವಲಿನಲ್ಲಿ ಅವನು ನಿಲ್ಲುತ್ತಿದ್ದ. ಅಲ್ಲಿ ಬೆಕ್ಕು ಇರುತ್ತಿರಲಿಲ್ಲ, ಹಾಗಾಗಿ ಗಾಳಿಗೆ ಹೇಳಿದ ಹಾಗೆ ಹೇಳುತ್ತಿದ್ದ: "ಅಮ್ಮನಿಗೆ ದೀಪ ಹಚ್ಚೋಕೆ ಹೋಗ್ತಿದೀನಿ. ಬರೋರಿದ್ರೆ ಬರಬಹುದು."

ಅವಳು ಗುಡ್ಡದ ದಾರಿ ಹಿಡಿಯುತ್ತಿದ್ದಳು.

ಹಳೇ ಪಟ್ಟಣದಲ್ಲಿ ಟಿಕೆಟ್ ಕೊಂಡ ಜನ ಕಂಬ ನೋಡುತ್ತಾ, ಮೆಟ್ಟಿಲ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುತ್ತಾ ಇರುವಾಗ ಈ ಕಪ್ಪು ಬಟ್ಟೆಯ ಹೆಂಗಸು ಏನೂ ಇಲ್ಲದ ಬಯಲಿನಲ್ಲಿ ಸುತ್ತಿ ಬಳಸಿ ನಡೆಯುವುದು ಅವರಿಗೆ ವಿಚಿತ್ರವಾಗಿ ಕಾಣುತ್ತಿತ್ತು. ಅವಳು ಈಗ ಇಲ್ಲದ ಗೋಡೆಗಳನ್ನು ಬಳಸಿ ಹೋಗುತ್ತಿದ್ದಳು. ಇಲ್ಲಿ ನೆರೆಯವರ ಕೊಟ್ಟಿಗೆ, ಇಲ್ಲಿ ಬ್ರೆಡ್ಡು ಸುಡುವ ಗೂಡು, ಇಲ್ಲಿ ತನ್ನ ಮನೆ. ಮನೆಗಳೆಲ್ಲ ನೆಲಸಮವಾಗಿದ್ದವು, ಉಳಿದದ್ದು ಅವಳ ಹೊಸ್ತಿಲೊಂದೇ. ಅದು ಹಳೇ ಕಲ್ಲಲ್ಲವೇ, ಅದಕ್ಕೆ ಬೇಲಿ ಹಾಕಿ ಬೋರ್ಡು ನೆಟ್ಟಿದ್ದರು.

ಅದು ತನ್ನ ಮಗಳೆಂದು ಮ್ಯೂಸಿಯಮ್ಮಿನಲ್ಲಿ ಅವಳು ಎಲ್ಲರಿಗೂ ಹೇಳಿದಳು. ಹೊಸದಾಗಿ ಬಂದ ಹುಡುಗಿ ಅಧಿಕಾರಿಯೊಬ್ಬಳು ಕುರ್ಚಿ ಕೊಟ್ಟು ಕೂರಿಸಿ, ಕೈ ಹಿಡಿದು ಹೇಳಿದಳು: "ಅಜ್ಜಿ, ಅದನ್ನ ಪರೀಕ್ಷೆ ಮಾಡಿದೀವಿ. ಅದು ನಿಮ್ಮ ಮುತ್ತಜ್ಜಿಯ ಮುತ್ತಜ್ಜಿಗಿಂತ ಹಳೇದು."

"ನಾನು ಸಿಕ್ಕಿಸಿದ ಮಣಿ ನಂಗೆ ಗೊತ್ತಾಗಲ್ವಾ?"

"ಆಗಿನೋರೂ ದೃಷ್ಟಿಗೆ ಇಂಥದ್ದೇ ಮಣಿ ಕಟ್ಟೋರು ಅಜ್ಜಿ."

ಗರಿಫಲಿಯಾ ಎದ್ದು ಬಂದಳು. ಪಾಪದ ಹುಡುಗಿ, ಇನ್ನೂ ಮದುವೆ ಆಗಿಲ್ಲ, ಮಕ್ಕಳ ವಿಷಯ ಏನು ಗೊತ್ತು ಎಂದು ಸ್ಟ್ರಾಟೋಸ್‌ಗೆ ಹೇಳಿದಳು. ಅವಳಿಗೆ ಇದ್ದ ಆಸೆ ಒಂದೇ. ಒಂದು ದಿನ ಆ ಗಾಜು ತೆಗೆದು ಎಲುಬು ಕೈಗೆ ಕೊಡಬೇಕು, ವೈನಿನಲ್ಲಿ ತೊಳೆಯಬೇಕು, ಮಗಳ ಎದೆಯ ಭಾರ ಇಳಿಸಬೇಕು. ತಾನು ಹೋದ ಮೇಲೆ ಅವಳ ಎಲುಬಿನ ಪೆಟ್ಟಿಗೆಯಲ್ಲೇ ತನ್ನನ್ನೂ ಹಾಕಬೇಕು. ಪಾಂಡೆಲಿಸ್ ಎಲ್ಲಿ ಬೇಕಾದರೂ ಇರಲಿ.

ಪಾಂಡೆಲಿಸ್‌ಗೆ ಒಂದು ಬೆಳಿಗ್ಗೆ ಆಲಿವ್ ತೋಟದಲ್ಲಿ ಪಾರ್ಶ್ವವಾಯು ಹೊಡೆಯಿತು. ಮನೆಗೆ ಹೊತ್ತು ತಂದಾಗ ನಾಲಗೆ ಬಿದ್ದುಹೋಗಿತ್ತು. ಮಲಗಿದಲ್ಲಿಂದ ಒಂದೇ ಕೈ ಎತ್ತಿ ಗೋಡೆಯತ್ತ ತೋರಿಸುತ್ತಿದ್ದ. ಗೋಡೆಯ ಮೇಲೆ ಅವನ ತಾಯಿ ಸ್ತಮಾತಾಳ ಫೋಟೋ. ಆಮೇಲೆ ಅದೇ ಬೆರಳನ್ನು ಗರಿಫಲಿಯಾಳ ಕಡೆ ತಿರುಗಿಸುತ್ತಿದ್ದ. ಮತ್ತೆ ಫೋಟೋ, ಮತ್ತೆ ಅವಳು. ಕಣ್ಣಲ್ಲಿ ನೀರು.

"ಸಾಯೋವಾಗ್ಲೂ ಅಮ್ಮ ಬೇಕು," ಎಂದು ಗರಿಫಲಿಯಾ ಬೆಕ್ಕಿಗೆ ಹೇಳಿ, ಫೋಟೋ ಇಳಿಸಿ ಅವನ ಎದೆಯ ಮೇಲಿಟ್ಟಳು. ಅವನು ತಲೆ ಅಲ್ಲಾಡಿಸಿದ. ಅದು ಹೌದೋ ಅಲ್ಲವೋ ಅವಳು ಕೇಳಲಿಲ್ಲ.

ಅವನು ಸತ್ತು ಮೂರು ವರ್ಷ ತುಂಬಿದ ವಸಂತದಲ್ಲಿ ಕನೆಲ್ಲಾ ಬಂದು ಬಾಗಿಲಲ್ಲಿ ಕೂತಳು. "ಅತ್ತಿಗೆ, ಅಣ್ಣನ್ನ ತೆಗೀಬೇಕು. ಅವನನ್ನೂ ಮುಂದಿನ ವರ್ಷ, ಮುಂದಿನ ವರ್ಷ ಅಂದ್ರೆ ನಾನು ಕೇಳಲ್ಲ."

"ತೆಗಿ. ನಾನು ಬೇಡ ಅಂದೆನಾ?"

"ಪೆಟ್ಟಿಗೆ ಮಾಡಿಸ್ಬೇಕಲ್ಲ."

"ಪೆಟ್ಟಿಗೆ ಯಾಕೆ? ಅವನಮ್ಮನ ಪೆಟ್ಟಿಗೆ ಇದೆಯಲ್ಲ, ಅದರಲ್ಲೇ ತುರುಕು. ಜೀವನ ಪೂರ್ತಿ ಅಲ್ಲಿಗೇ ಓಡ್ತಿದ್ದ."

ಪಾದ್ರಿ ಮಂತ್ರ ಹೇಳಿದರು. ಗುಂಡಿ ತೋಡುವವನು ಇಳಿದು ಮೊದಲು ತಲೆಬುರುಡೆ ಎತ್ತಿಕೊಟ್ಟ. ಹೊರಬಂದವರಿಗೆ ಮನೆಯ ಹೆಂಗಸೇ ಮೊದಲು ಸ್ವಾಗತ ಹೇಳಬೇಕು. ಗರಿಫಲಿಯಾ ಬಾಯಿ ಬಿಡಲಿಲ್ಲ. ಕನೆಲ್ಲಾ ಒಂದು ಕ್ಷಣ ಕಾದು, ತಾನೇ ಕೈ ಚಾಚಿ, "ಬಂದ್ಯಾ ಅಣ್ಣಾ, ಬಾ, ಬೆಳಕಿಗೆ ಬಾ," ಎಂದು ಅದನ್ನು ಮಡಿಲಿಗೆ ತೆಗೆದುಕೊಂಡಳು. ಇಬ್ಬರೂ ಕೂತು ಒಂದೊಂದೇ ಎಲುಬನ್ನು ವೈನಿನಲ್ಲಿ ತೊಳೆದು ಬಿಳಿ ಹಾಸಿನ ಮೇಲೆ ಹರಡಿದರು. ಬಲಗೈಯ ಬೆರಳುಗಳನ್ನು ತೊಳೆಯುವಾಗ ಗರಿಫಲಿಯಾಗೆ ಆವತ್ತು ಕಚ್ಚಿದ್ದು ನೆನಪಾಯಿತು. ಬೇಗ ಬೇಗ ತೊಳೆದಿಟ್ಟಳು.

ಎಲುಬು ಒಣಗುವಷ್ಟರಲ್ಲಿ ಕನೆಲ್ಲಾ ತಾಯಿಯ ಪೆಟ್ಟಿಗೆಯನ್ನು ಕೋಣೆಯಿಂದ ಹೊರಗೆ ತಂದಳು. ಮುಚ್ಚಳ ಬಿಗಿದುಕೊಂಡಿತ್ತು. ಚಾಕು ತೂರಿಸಿ ಎಬ್ಬಿಸಿದಳು.

ಒಳಗೆ ಸ್ತಮಾತಾಳ ಎಲುಬುಗಳನ್ನು ಒಂದು ಬದಿಗೆ ಸರಿಸಿ ಜಾಗ ಮಾಡಲಾಗಿತ್ತು. ಆ ಜಾಗದಲ್ಲಿ ಹಳದಿ ರೇಷ್ಮೆಯ ಒಂದು ಗಂಟು ಇತ್ತು. ಅಂಚಿನ ಕಸೂತಿ ಇನ್ನೂ ಹಾಗೇ ಇತ್ತು. ಬಟ್ಟೆಯ ಮೇಲೆಲ್ಲ ವೈನಿನ ಕಲೆ ಒಣಗಿ ಕಂದಾಗಿತ್ತು.

ಕನೆಲ್ಲಾ ಚಾಕು ಕೆಳಗಿಟ್ಟಳು.

"ಕಳ್ಳ ಸಿಕ್ಕಿದ ಅತ್ತಿಗೆ," ಎಂದಳು. ಹೇಳಿ ಅಳಲು ಶುರು ಮಾಡಿದಳು.

ಗರಿಫಲಿಯಾ ಗಂಟು ಬಿಚ್ಚಿದಳು. ಅವನು ಕಟ್ಟಿದ ಗಂಟೇ. ಆಲಿವ್ ಚೀಲಕ್ಕೆ ಹಾಕುವ ಹಾಗೆ ಎರಡು ಸುತ್ತು ಬಿಗಿದು, ತುದಿ ಒಳಕ್ಕೆ ಮಡಚಿದ್ದು. ಒಳಗೆ ಪುಟ್ಟ ಪುಟ್ಟ ಎಲುಬುಗಳು. ತೊಳೆದಿದ್ದವು, ಒಂದರ ಮೇಲೂ ಮಣ್ಣಿರಲಿಲ್ಲ. ಮೇಣದ ಹೂವಿನ ಕಿರೀಟದ ತಂತಿ ಇತ್ತು, ಅದನ್ನೂ ಬಿಟ್ಟಿರಲಿಲ್ಲ. ಎಲ್ಲದರ ಮೇಲೆ, ಕಳೆಯದಿರಲೆಂದು ಚೂರು ಬಟ್ಟೆಯಲ್ಲಿ ಬೇರೆಯಾಗಿ ಸುತ್ತಿಟ್ಟ ನೀಲಿ ಮಣಿ.

ಆಗ ಅವಳಿಗೆ ಒಂದೊಂದಾಗಿ ಹೊಳೆಯತೊಡಗಿತು. ಕಲ್ಲು ಎತ್ತಿ ಒಯ್ದ ಮೇಲೆ, ಗುಂಡಿ ಆಳವಾಗುವುದಕ್ಕೆ ಮುಂಚೆ ಅವನು ಹೋಗಿದ್ದಾನೆ. ಒಬ್ಬನೇ ಮಗಳನ್ನು ಆಯ್ದುಕೊಂಡಿದ್ದಾನೆ. ಹೆಂಗಸರು ಮಾಡುವ ಕೆಲಸವನ್ನು ಗಂಡಸು ಒಬ್ಬನೇ ಕೂತು ಮಾಡಿದ್ದಾನೆ. ಎಲುಬು ಸುತ್ತುವುದಕ್ಕೆ ಮನೆಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಬಟ್ಟೆ ಹುಡುಕಿದ್ದಾನೆ. ಗಾಜಿನ ಪೆಟ್ಟಿಗೆಯ ಮಗು ಅರ್ಗಿರೋಗಿಂತ ಒಂದು ಗುದ್ದಲಿ ಆಳದಲ್ಲಿ, ಯಾವ ಕಾಲದಿಂದಲೋ ಮಲಗಿದ್ದ ಬೇರೆ ಮಗು. ಗುಡ್ಡ ಇಳಿಯುವಾಗ ಅವನು ಎತ್ತಿಕೊಂಡಿದ್ದು ಅಮ್ಮನನ್ನಲ್ಲ. ಅದು ಅವಳಲ್ಲ ಅಂದಾಗ ಅವನು ನಿಜ ಹೇಳಿದ್ದ. ಅಮ್ಮನ ಹತ್ರ ಬಾ ಅಂದಾಗ ಅವನು ಹೇಳಿಯೇ ಬಿಟ್ಟಿದ್ದ. ಸಾಯುವಾಗ ಬೆರಳು ಎತ್ತೆತ್ತಿ ಹೇಳಿದ್ದ.

"ಬಂದ್ಯಾ ಮಗಳೇ," ಎಂದಳು ಗರಿಫಲಿಯಾ. "ಯಾವಾಗ್ಲೋ ಬಂದಿದೀಯ. ನಾನೇ ಬರ್ಲಿಲ್ಲ."

ತೊಳೆದ ಎಲುಬನ್ನು ಇನ್ನೊಮ್ಮೆ ತೊಳೆಯುವ ಹಾಗಿಲ್ಲ, ಅದು ಆದವರಿಗೆ ಆಗಿಹೋಯಿತು ಎಂದು ಪಾದ್ರಿ ಮೆಲ್ಲಗೆ ಹೇಳಿದರು. ಅವಳು ಅಷ್ಟು ವರ್ಷ ಕಾದಿದ್ದ ಕೆಲಸ ಆ ಕೈಗಳಿಗೆ ಸಿಗಲೇ ಇಲ್ಲ. ತಲೆವಸ್ತ್ರವನ್ನು ಮತ್ತೆ ಸುತ್ತಿದಳು. ಅವನು ಹಾಕಿದ್ದಂಥ ಗಂಟು ಹಾಕಲು ನೋಡಿದಳು, ಬರಲಿಲ್ಲ. ಕನೆಲ್ಲಾ ಹಾಕಿಕೊಟ್ಟಳು. ತಾಯಿ, ಮಗ, ಮೊಮ್ಮಗಳು ಮೂವರಿಗೂ ಆ ಪೆಟ್ಟಿಗೆ ಸಾಲಲಿಲ್ಲ. ಬಡಗಿಯ ಹತ್ತಿರ ದೊಡ್ಡದೊಂದು ಮಾಡಿಸಿದರು. ಗರಿಫಲಿಯಾ ನಿಂತು ಇನ್ನೊಬ್ಬರಿಗೆ ಜಾಗ ಇರುವ ಹಾಗೆ ಅಳತೆ ಕೊಟ್ಟಳು.

ಮುಂದಿನ ಸತ್ತವರ ಶನಿವಾರ ಅವಳು ಮ್ಯೂಸಿಯಮ್ಮಿಗೆ ಬರಲಾರಳು ಎಂದೇ ಸ್ಟ್ರಾಟೋಸ್ ಅಂದುಕೊಂಡಿದ್ದ. ಬಂದಳು. ಕೈಯಲ್ಲಿ ಬಟ್ಟಲಿತ್ತು. ಈ ಸಲ ಅವನು ಜಗಳ ತೆಗೆಯಲಿಲ್ಲ. ಅವಳಿಗೂ ಜಗಳ ಬೇಕಿರಲಿಲ್ಲ.

"ಬೋರ್ಡಲ್ಲಿ ಇವಳ ಹೆಸರು ಏನಂತ ಬರ್ದಿದಾರೆ ಕಣೋ?"

"ಹೆಸರು ಗೊತ್ತಿಲ್ಲ ಅಂತ ಬರ್ದಿದಾರೆ ಅತ್ತೆ. ಕಲ್ಲಿನ ಮೇಲ್ಭಾಗ ಮುರಿದಿದೆಯಲ್ಲ, ಅಲ್ಲಿತ್ತಂತೆ."

ಗರಿಫಲಿಯಾ ಮೊದಲ ಸಲ ಬೋರ್ಡಿನ ಕಡೆ ತಿರುಗಿ ನೋಡಿದಳು. ಆಮೇಲೆ ಬಟ್ಟಲನ್ನು ಗಾಜಿಗೆ ತಾಗಿಸಿ ಇಟ್ಟಳು. "ತಿನ್ನಮ್ಮ," ಎಂದಳು. ಹೆಸರು ಹಿಡಿದು ಕರೆಯಲು ಹೋಗಿ ಸುಮ್ಮನಾದಳು. ಊರಿನ ಸುದ್ದಿ ಯಾವುದೂ ಬಾಯಿಗೆ ಬರಲಿಲ್ಲ. ಹೇಳಬೇಕಾಗಿದ್ದದ್ದು ಇವಳಿಗಲ್ಲ.

ಹೊರಗೆ ಬಂದು, ಇಲ್ಲದ ಕೊಟ್ಟಿಗೆಯನ್ನು ಬಳಸಿ, ಇಲ್ಲದ ಗೂಡನ್ನು ಬಳಸಿ, ತನ್ನ ಹೊಸ್ತಿಲಿನ ಹತ್ತಿರ ಬಂದಳು. ಬೇಲಿಯ ತಂತಿ ಎತ್ತಿ ಒಳಗೆ ನುಸುಳಿದಳು. ದೂರದಲ್ಲಿದ್ದ ಸ್ಟ್ರಾಟೋಸ್ ಸೀಟಿ ಬಾಯಿಗೆ ಇಟ್ಟುಕೊಂಡವನು, ಮತ್ತೆ ಜೇಬಿಗೆ ಹಾಕಿಕೊಂಡ.

ಅವಳು ಹೊಸ್ತಿಲು ದಾಟಿ ಒಳಗೆ ನಿಂತಳು. ಎಡಗೈಯನ್ನು ಗಾಳಿಗೆ ಚಾಚಿ, ಬಾಗಿಲ ರೆಕ್ಕೆಯನ್ನು ಎಳೆದುಕೊಳ್ಳುವ ಹಾಗೆ ಎಳೆದುಕೊಂಡಳು. ಅಗುಳಿ ಇರುತ್ತಿದ್ದ ಎತ್ತರದಲ್ಲಿ ಬೆರಳು ಮಡಚಿದಳು. ಒಲೆಯಿದ್ದ ಜಾಗದಲ್ಲಿ ಹುಲ್ಲು ಬೆಳೆದಿತ್ತು, ಅದರ ಮುಂದೆ ನೆಲದ ಮೇಲೆ ಕೂತಳು.

"ಬಾಗ್ಲು ಹಾಕಿದೀನಿ ಪಾಂಡೆಲಿಸ್," ಎಂದಳು. "ಹೇಳು."